ಟೆಂಪೋ ತಪ್ಪಿದವನನ್ನು ದೇವರು ಕಾಪಾಡಿದ ಅಂದ್ರೆ, ಹತ್ತಿದವರನ್ನು?

ಮಲೆನಾಡ ಹುಡುಗಿ:
ನಮ್ಮೂರ ಕಡೆ ಮದುವೆಗೆ ಹೊರಟಿದ್ದ ಟೆಂಪೋ ಮಗುಚಿ ಮೂವರು ತೀರಿಕೊಂಡರು. ಅದರಲ್ಲಿ ಹೋಗಬೇಕಿದ್ದ ಒಬ್ಬರು ಭಾನುವಾರ ಚರ್ಚಿನಲ್ಲಿ ಎದ್ದು, ಚಪ್ಪಲಿ ಕಿತ್ತುಹೋಗಿ ತಡವಾಯಿತು, ಅದು ದೇವರದೇ ಕೆಲಸ ಅಂತ ಸಾಕ್ಷಿ ಹೇಳಿದರು. ಎಲ್ಲರೂ ಆಮೆನ್ ಅಂದರು. ನನ್ನ ಮುಂದಿನ ಬೆಂಚಿನಲ್ಲಿ ಸತ್ತವರೊಬ್ಬರ ಹೆಂಡತಿ ಇದ್ದರು, ಸುಮ್ನೆ ಹಾಡಿನ ಪುಸ್ತಕದ ರಟ್ಟು ಕೆರೆಯುತ್ತಾ ಕೂತಿದ್ದರು. ಈಗ ಅವರಿಗೆ ಕೆಲವರು ‘ಪರಿಹಾರಕ್ಕೆ ಕೇಸ್ ಗೀಸ್ ಬೇಡ, ದೇವರು ನೋಡಿಕೊಳ್ಳುತ್ತಾನೆ’ ಅನ್ನುತ್ತಿದ್ದಾರೆ. ದೇವರ ಪಾಲನೆ ಅಂದರೆ ಇದೇನಾ? ಚಪ್ಪಲಿ ಕೀಳಲು ಪುರುಸೊತ್ತಿದ್ದ ದೇವರಿಗೆ ಬ್ರೇಕ್ ನೋಡಲು ಆಗಲಿಲ್ವಾ? ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಬೈಯಬೇಡಿ.

ಹಳೇ ಬೆಂಚು:
ಬೈಯೋದೇನು ಸಿಸ್ಟರ್. ಬೈಬಲಿನಲ್ಲಿ ಲೂಕ 13 ತೆಗೆದು ನೋಡಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಬೇರೆಯವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ, ಇಲ್ಲ ಅನ್ನುತ್ತಾನೆ ಯೇಸು. ಗೋಪುರ ಯಾಕೆ ಬಿತ್ತು ಅಂತ ಮಾತ್ರ ಹೇಳುವುದಿಲ್ಲ, ಕೇಳುತ್ತಾ ನಿಂತವರಿಗೇ ‘ನೀವು ಪಾಪ ಬಿಟ್ಟು ದೇವರ ಕಡೆ ತಿರುಗಿಕೊಳ್ಳಿ’ ಅನ್ನುತ್ತಾನೆ.

ಇನ್ನೊಂದು. ‘ನೀವು ಕೇಡು ಬಗೆದಿರಿ, ದೇವರು ಅದನ್ನೇ ಒಳ್ಳೇದಕ್ಕೆ ತಿರುಗಿಸಿದ’ ಅನ್ನೋ ಅರ್ಥದ ಮಾತು ಆದಿಕಾಂಡ 50ರಲ್ಲಿದೆ, ಎಲ್ಲರೂ ಹೇಳುತ್ತಿರುತ್ತಾರೆ. ಆದರೆ ಅದನ್ನು ಹೇಳಿದ್ದು ಅಣ್ಣಂದಿರೇ ಗುಂಡಿಗೆ ಹಾಕಿ ಮಾರಿಬಿಟ್ಟ ಯೋಸೇಫ, ಅದೂ ಎಷ್ಟೋ ವರ್ಷದ ಮೇಲೆ. ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದ ದಿನ ಅಣ್ಣಂದಿರು ಗುಂಡಿಯ ಪಕ್ಕ ನಿಂತು ಅದೇ ಮಾತು ಆಡಿದ್ದರೆ? ಆ ಹೆಂಗಸು ಮುಂದೊಂದು ದಿನ ಹಾಗೆ ಹೇಳಬಹುದು, ಹೇಳದೆಯೂ ಇರಬಹುದು. ನಾವು ಹೇಳಿಕೊಡುವ ಮಾತಲ್ಲ ಅದು.

ದಾರಿಹೋಕ:
ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಕೇಳುತ್ತೇನೆ. ಇದಕ್ಕೂ ನಮ್ಮ ಹಣೆಬರಹಕ್ಕೂ ಏನು ವ್ಯತ್ಯಾಸ?

ಹಳೇ ಬೆಂಚು:
ಹಣೆಬರಹದ ಜೊತೆ ಜಗಳ ಆಡೋಕಾಗಲ್ಲ ಸಾರ್. ಬೈಬಲಿನ ಕೀರ್ತನೆ 13 ಶುರುವಾಗುವುದೇ ‘ಎಲ್ಲಿಯವರೆಗೆ’ ಅಂತ ದೇವರನ್ನೇ ಕೇಳುತ್ತಾ, ಅದನ್ನೂ ಪ್ರಾರ್ಥನೆ ಅಂತಲೇ ಇಟ್ಟುಕೊಂಡಿದ್ದೇವೆ.

ಕರಾವಳಿಯವ:
ನಾನು ಕ್ಯಾಥಲಿಕ್. ಕೇಸ್ ಹಾಕಬೇಡ ಅಂದವರಿಗೆ ಎರಡು ಮಾತು. 13ನೇ ಶತಮಾನದಲ್ಲೇ ನಮ್ಮ ದೊಡ್ಡ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಹೇಳಿದ್ದಾರೆ, ದೇವರು ಎಷ್ಟೋ ಕೆಲಸ ಮನುಷ್ಯರ ಕೈಯಿಂದ, ಸೃಷ್ಟಿಯ ಕೈಯಿಂದ ಮಾಡಿಸುತ್ತಾನೆ, ತನ್ನ ಕೈಲಾಗದೆ ಅಲ್ಲ, ಆ ಗೌರವ ನಮಗೂ ಸಿಗಲಿ ಅಂತ. ಹಾಗಾದರೆ ವಕೀಲ, ಡಾಕ್ಟರು, ವಿಮೆ ಎಲ್ಲವೂ ದೇವರ ಪಾಲನೆಯ ಒಳಗೇ ಬಂತಲ್ವಾ? ದೇವಾಲಯದ ತುದಿಯಿಂದ ಹಾರು, ದೂತರು ಹಿಡಿಯುತ್ತಾರೆ ಅಂತ ಯೇಸುವಿಗೆ ಅಂದಿದ್ದು ಸೈತಾನ. ಯೇಸು ಹಾರಲಿಲ್ಲ.

ಯೇಸು ಹೇಳಿದ ಗುಬ್ಬಿ ಮಾತು ನನಗೆ ಇಷ್ಟ. ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ, ಲೂಕನಲ್ಲಿ ಎರಡು ಕಾಸಿಗೆ ಐದು. ಅಂದರೆ ಐದನೆಯದು ಕೊಸರು! ಅದನ್ನೂ ದೇವರು ಮರೆತಿಲ್ಲ ಅನ್ನುತ್ತಾನೆ ಯೇಸು. ಆದರೆ ಗುಬ್ಬಿ ಬೀಳುವುದೇ ಇಲ್ಲ ಅಂತ ಎಲ್ಲೂ ಹೇಳಿಲ್ಲ.

ಮಲೆನಾಡ ಹುಡುಗಿ:
ಕೊಸರು ಗುಬ್ಬಿ ಗೊತ್ತೇ ಇರಲಿಲ್ಲ. ಕೇಸಿಗೆ ಅಪಘಾತ ಆದ ಜಿಲ್ಲೆಗೇ ಅಲೆಯಬೇಕಾ? ಅವರಿಗೆ ಸಣ್ಣ ಮಗು ಇದೆ.

ಕರಾವಳಿಯವ:
ಬೇಡ. ಅವರು ಇರುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು. ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಗಂಡನ ಆದಾಯದ ದಾಖಲೆ ಈಗಲೇ ಒಟ್ಟುಮಾಡಲಿ, ತಡ ಮಾಡಬೇಡಿ. ವಕೀಲರ ಹತ್ತಿರ ಹೋಗುವಾಗ ಚಪ್ಪಲಿ ಸಾಕ್ಷಿಯವರನ್ನೂ ಕರೆದುಕೊಂಡು ಹೋಗಿ, ಮಗು ಎತ್ತಿಕೊಳ್ಳಲಿ.