ಸಾಲದೊಂದಿಗೆ ಸೇರಿಸಿದ್ದ ಪಾವತಿ ರಕ್ಷಣಾ ವಿಮೆಯ ಹಣ ಈಗಲೂ ಮರಳಿ ಸಿಗಬಹುದೇ?

ಪ್ರಶ್ನೆ: 2006ರಲ್ಲಿ ಬ್ರಿಟನ್ನಿನ ಬ್ಯಾಂಕೊಂದರಿಂದ ವೈಯಕ್ತಿಕ ಸಾಲ ಪಡೆದಾಗ, ಪಾವತಿ ರಕ್ಷಣಾ ವಿಮೆಯ (ಕಾಯಿಲೆ ಬಿದ್ದರೆ ಅಥವಾ ಕೆಲಸ ಹೋದರೆ ಸಾಲದ ಕಂತು ಕಟ್ಟುವ ವಿಮೆ) ಪೂರ್ತಿ ಕಂತನ್ನು ಸಾಲಕ್ಕೇ ಸೇರಿಸಿ ಅದರ ಮೇಲೂ ಬಡ್ಡಿ ವಿಧಿಸಿದ್ದರು. ನಾನು ಆಗ ಸ್ವಂತ ಉದ್ಯೋಗಿ. ಅಂಥವರಿಗೆ ಈ ವಿಮೆ ಹೊಂದುತ್ತದೆಯೇ ಎಂದು ಯಾರೂ ವಿಚಾರಿಸಲೇ ಇಲ್ಲ. ಹಳೆಯ ಕಾಗದಗಳು ಮೊನ್ನೆಯಷ್ಟೇ ಕೈಗೆ ಸಿಕ್ಕಿದವು. ಈಗ ದೂರು ಕೊಡಬಹುದೇ?

ಉತ್ತರ 1: ಬ್ಯಾಂಕಿಗೆ ದೂರು ಸಲ್ಲಿಸುವ ಗಡುವು 2019ರ ಆಗಸ್ಟ್ 29ಕ್ಕೇ ಮುಗಿದಿದೆ. ಗಂಭೀರ ಅನಾರೋಗ್ಯದಂಥ ಅಸಾಧಾರಣ ಕಾರಣವಿದ್ದರೆ ಮಾತ್ರ ಪರಿಗಣಿಸಬಹುದು. ಕಾಗದ ತಡವಾಗಿ ಸಿಕ್ಕಿತೆಂಬುದು ಸಾಕಾಗುವುದು ಕಷ್ಟ.

ಉತ್ತರ 2: ನ್ಯಾಯಾಲಯದ ದಾರಿ ಪೂರ್ಣವಾಗಿ ಮುಚ್ಚಿಲ್ಲ. ವಿಮಾ ಕಂತಿನ ಶೇ. 71.8ರಷ್ಟು ಕಮಿಷನ್ನಿಗೇ ಹೋಗುತ್ತದೆಂಬುದನ್ನು ಗ್ರಾಹಕರಿಗೆ ತಿಳಿಸದಿದ್ದದ್ದರಿಂದ ಸಾಲ ಕೊಟ್ಟವರ ಮತ್ತು ಪಡೆದವರ ನಡುವಿನ ಸಂಬಂಧ ಅನ್ಯಾಯದ್ದಾಯಿತೆಂದು, ಪ್ಲೆವಿನ್ ಎಂಬ ಸಾಲಗಾರರ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ನೀಡಿತು. ಕಮಿಷನ್ನನ್ನು ಉದ್ದೇಶಪೂರ್ವಕವಾಗಿ ಮುಚ್ಚಿಟ್ಟಿದ್ದರೆ ಆರು ವರ್ಷದ ಕಾಲಮಿತಿ, ಅದು ತಿಳಿದ ಅಥವಾ ಸಾಕಷ್ಟು ಶ್ರದ್ಧೆ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಆರಂಭವಾಗುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟು 2023ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಇದರ ಬಗ್ಗೆ ವರ್ಷಗಟ್ಟಲೆ ಪ್ರಚಾರ ನಡೆದಿದ್ದರಿಂದ, ನಿಮಗೆ ತಿಳಿದಿರಲಿಲ್ಲವೆಂಬ ವಾದವನ್ನು ಬ್ಯಾಂಕು ಖಂಡಿತ ಪ್ರಶ್ನಿಸುತ್ತದೆ. ಮೊದಲು ನಿಮ್ಮ ವೈಯಕ್ತಿಕ ದಾಖಲೆಗಳ ಪ್ರತಿಯನ್ನು ಬ್ಯಾಂಕಿನಿಂದ ಕೇಳಿರಿ. ಸಾಮಾನ್ಯವಾಗಿ ಅದಕ್ಕೆ ಶುಲ್ಕವಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ದಾಖಲೆಗಳಿಗಾಗಿ ಇಂದೇ ಪತ್ರ ಬರೆಯುತ್ತೇನೆ. ಹಣ ಮರಳಿ ಕೊಡಿಸುತ್ತೇವೆಂದು ಅದರಲ್ಲಿ ಪಾಲು ಕೇಳುವ ಮಧ್ಯವರ್ತಿಗಳನ್ನು ಸದ್ಯಕ್ಕೆ ದೂರವೇ ಇಡುತ್ತೇನೆ.