ಶುಕ್ರನಲ್ಲಿ ಸಮುದ್ರ ಇಲ್ಲ ಅಂತ ಮಗಳು ಪುಸ್ತಕ ಮುಚ್ಚಿಟ್ಟಳು. ಹಳೆಯ ವಿಜ್ಞಾನ ಕಥೆ ಓದಿಸುವುದು ಹೇಗೆ?

ಒಂದುಪುಟನಾನು ಕೇಳಿದ್ದು:

ನನ್ನ ಮಗಳಿಗೆ 11 ವರ್ಷ. ರಾತ್ರಿ ಮಲಗುವ ಮುಂಚೆ ನಾವಿಬ್ಬರೂ ಸೇರಿ ಒಂದು ಅಧ್ಯಾಯ ಓದುತ್ತೇವೆ. ಒಂದು ಪುಟ ನಾನು, ಒಂದು ಪುಟ ಅವಳು. ನಾಲ್ಕು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ಹೋದ ವಾರ ಐಸಾಕ್ ಅಸಿಮೋವ್ ಮಕ್ಕಳಿಗಾಗಿ ಬರೆದ 'ಲಕ್ಕಿ ಸ್ಟಾರ್' ಸರಣಿಯ ಶುಕ್ರಗ್ರಹದ ಕಾದಂಬರಿ ಶುರು ಮಾಡಿದೆವು. ನಾನು ಚಿಕ್ಕವಳಿದ್ದಾಗ ಓದಿದ್ದ ಪ್ರತಿಯೇ. ನನಗಿಂತ ಮುಂಚೆ ಇನ್ಯಾರದೋ ಕೈಯಲ್ಲಿತ್ತು, ಈಗ ಬೆನ್ನಿನ ಹೊಲಿಗೆ ಬಿಟ್ಟಿದೆ. ಗ್ರಹದ ತುಂಬ ಸಮುದ್ರ, ಅದರ ತಳದಲ್ಲಿ ಗುಮ್ಮಟದೊಳಗೆ ಒಂದು ನಗರ, ಮನಸ್ಸಿನ ಮೇಲೆ ಪ್ರಭಾವ ಬೀರುವ ಪುಟ್ಟ ಕಪ್ಪೆಗಳು. ನನಗೆ ಆಗ ಆ ಸಮುದ್ರ ಕನಸಿನಲ್ಲೂ ಬರುತ್ತಿತ್ತು.

ಮಗಳು ಎರಡನೇ ರಾತ್ರಿಯೇ ತಡೆದಳು. ಅವಳ ಕೋಣೆಯ ಗೋಡೆಯ ಮೇಲೆ ಗ್ರಹಗಳ ಪಟ ಇದೆ. ಎದ್ದು ಹೋಗಿ ಶುಕ್ರನ ಮೇಲೆ ಬೆರಳಿಟ್ಟು, "460 ಡಿಗ್ರಿ ಬಿಸಿ ಇರೋ ಕಡೆ ನೀರು ಹೇಗಮ್ಮ ನಿಲ್ಲುತ್ತೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಸಮುದ್ರ ಅನ್ನುವ ಮಾತು ಬಂದ ಕಡೆಯಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ 'ಸುಳ್ಳು' ಅಂತ ಬರೆದಿದ್ದಾಳೆ. ಏಳು ಕಡೆ ಇದೆ. ಕಪ್ಪೆಗಳ ಪಕ್ಕದಲ್ಲಿ ಮಾತ್ರ ಏನೂ ಬರೆದಿಲ್ಲ!

ಇದಕ್ಕೂ ಮುಂಚೆ ಒಂದು ಮಂತ್ರವಾದಿ ಕಥೆಯನ್ನೂ ಹೀಗೇ ಅರ್ಧಕ್ಕೆ ಬಿಟ್ಟಿದ್ದಳು. "ಮಂತ್ರದಿಂದ ಏನು ಬೇಕಾದರೂ ಆಗೋದಾದರೆ ನಾನು ಯಾಕೆ ಹೆದರಬೇಕು?" ಅಂತ ಅವಳ ಪ್ರಶ್ನೆ.

ನನಗೆ ಬೇಜಾರಾಗಿದೆ. ಅವಳು ಹೇಳುತ್ತಿರುವುದು ಸರಿ ಅಂತಲೂ ಗೊತ್ತು. ವಿಜ್ಞಾನ ತಪ್ಪಾಗಿರುವ ಹಳೆಯ ಕಥೆಗಳನ್ನು ಮಕ್ಕಳಿಗೆ ಓದಿಸಬೇಕಾ, ಅಥವಾ ಪಕ್ಕಕ್ಕಿಟ್ಟು ಮುಂದೆ ಹೋಗಬೇಕಾ? ಓದಿಸುವುದಾದರೆ ಹೇಗೆ?

---

ಹಳೇರಟ್ಟು ಬರೆದದ್ದು:

ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ನಾನು ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದವನು. ಅಂಚಿನಲ್ಲಿ ಜಗಳ ಆಡಿರುವ ಪುಸ್ತಕ ವಾಪಸ್ ಬಂದರೆ ನನಗೆ ಖುಷಿ. ಆ ಮಗು ನಿಜವಾಗಿ ಓದಿದೆ ಅಂತ ಅರ್ಥ.

ಆ ಪುಸ್ತಕ ಬಂದದ್ದು 1954ರಲ್ಲಿ. ಆಗ ಶುಕ್ರನ ನೆಲವನ್ನು ಯಾರೂ ಕಂಡಿರಲಿಲ್ಲ. ದೂರದರ್ಶಕದಲ್ಲಿ ನೋಡಿದರೆ ಬರೀ ಬಿಳಿ ಮೋಡ, ಒಂದು ಬಿರುಕೂ ಇಲ್ಲ. ಅಷ್ಟು ಮೋಡ ಇದ್ದರೆ ಕೆಳಗೆ ನೀರು ಇರಬಹುದು ಅಂತ ಕೆಲವು ಖಗೋಳ ವಿಜ್ಞಾನಿಗಳೇ ನಂಬಿದ್ದರು. ಮರುಭೂಮಿ ಇರಬಹುದು ಅಂದವರೂ ಇದ್ದರು. ಅಸಿಮೋವ್ ಆ ಕಾಲದ ಒಂದು ಒಳ್ಳೆಯ ಊಹೆಯನ್ನು ಹಿಡಿದು ಕಥೆ ಕಟ್ಟಿದರು. ಆಮೇಲೆ ರೇಡಿಯೋ ಅಲೆಗಳ ಅಳತೆಯಿಂದ ಶುಕ್ರ ತುಂಬಾ ಬಿಸಿ ಇರಬೇಕು ಅನ್ನುವ ಅನುಮಾನ ಬಂತು. 1962ರ ಡಿಸೆಂಬರ್‌ನಲ್ಲಿ ಮ್ಯಾರಿನರ್ 2 ನೌಕೆ ಸುಮಾರು 35 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತಾ ಆ ಬಿಸಿಯನ್ನು ಅಳೆಯಿತು. ಸಮುದ್ರದ ಕಥೆ ಅಲ್ಲಿಗೆ ಮುಗಿಯಿತು. 1970ರಲ್ಲಿ ಸೋವಿಯತ್ತಿನ ವೆನೆರಾ 7 ನೆಲಕ್ಕೇ ಇಳಿದು, ಅಲ್ಲಿಂದ ಸಂಕೇತ ಕಳಿಸಿತು. ಬೇರೆ ಗ್ರಹದ ನೆಲದಿಂದ ನಮಗೆ ಬಂದ ಮೊದಲ ಸಂಕೇತ ಅದು.

ನಿಮ್ಮ ಪ್ರತಿ ತುಂಬಾ ಹಳೆಯದು ಅನಿಸುತ್ತೆ. ಮುಂದಿನ ಮುದ್ರಣಗಳಿಗೆ ಅಸಿಮೋವ್ ಒಂದು ಮುನ್ನುಡಿ ಸೇರಿಸಿದ್ದಾರೆ. ಈ ಪುಸ್ತಕ ಬರೆದಾಗ ತಿಳಿದಿದ್ದದ್ದು ಇಷ್ಟು, ಆಮೇಲೆ ಹೀಗೆ ಬದಲಾಯಿತು, ಓದುವ ಮಕ್ಕಳಿಗೆ ತಪ್ಪು ತಿಳಿವಳಿಕೆ ಆಗಬಾರದು ಅಂತ ಅದರಲ್ಲಿ ವಿವರಿಸಿದ್ದಾರೆ. ನಿಮ್ಮ ಮಗಳ ತಕರಾರು ಬರೆದವರಿಗೂ ಇತ್ತು. ಇದನ್ನು ಅವಳಿಗೆ ಖಂಡಿತ ಹೇಳಿ.

ನಾನು ಮಕ್ಕಳ ಜೊತೆ ಮಾಡುತ್ತಿದ್ದದ್ದು ಒಂದೇ. ಕಥೆಗೆ ಮುಂಚೆ ಹೆಸರಿನ ಪುಟದ ಹಿಂಬದಿ ತೆಗೆಸುತ್ತಿದ್ದೆ. ಮೊದಲ ಮುದ್ರಣದ ಇಸವಿ ಅಲ್ಲಿರುತ್ತೆ. ಅದನ್ನು ಒಂದು ಚೀಟಿಯಲ್ಲಿ ಬರೆದು, ಆ ಚೀಟಿಯನ್ನೇ ಪುಟದ ಗುರುತಿಗೆ ಇಟ್ಟುಕೊಳ್ಳುವುದು. ಪ್ರತಿ ಸಲ ಪುಸ್ತಕ ತೆರೆದಾಗ ಇಸವಿ ಕಣ್ಣಿಗೆ ಬೀಳುತ್ತೆ, ಅಷ್ಟೇ. ಒಬ್ಬ ಹುಡುಗ ಇದೇ ಸರಣಿಯ ಬುಧಗ್ರಹದ ಪುಸ್ತಕ ಓದುತ್ತಿದ್ದ. ಅದು 1956ರದ್ದು. ಬುಧ ಸೂರ್ಯನಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತೆ ಅಂತ ಆಗ ಎಲ್ಲರೂ ನಂಬಿದ್ದರು. 1965ರಲ್ಲಿ ರೇಡಾರ್ ಹಾಯಿಸಿ ನೋಡಿದಾಗ ಅದು ಸುಮಾರು 59 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತೆ ಅಂತ ಗೊತ್ತಾಯಿತು. ಆ ಹುಡುಗ ಚೀಟಿ ಹಿಡಿದುಕೊಂಡು ಓಡಿ ಬಂದು, "ಇನ್ನು ಒಂಬತ್ತು ವರ್ಷ ಕಾದಿದ್ದರೆ ಸರಿ ಬರೆಯುತ್ತಿದ್ದರು" ಅಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಮರುಕ ಇತ್ತು.

ಇನ್ನು ಆ ಕಪ್ಪೆಗಳು. ನಿಮ್ಮ ಇಡೀ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಮನಸ್ಸಿನೊಳಗೆ ಕೈಹಾಕುವ ಕಪ್ಪೆಯನ್ನು ಒಪ್ಪಿಕೊಂಡವಳು ನೀರನ್ನು ಯಾಕೆ ಒಪ್ಪಲಿಲ್ಲ? ಕಪ್ಪೆ ಕಥೆಯೊಳಗಿನದ್ದು. 'ಹೀಗೆ ಅಂದುಕೋ' ಅಂತ ಲೇಖಕ ಕೇಳಿದ, ಇವಳು ಸರಿ ಅಂದಳು. ಶುಕ್ರ ಹಾಗಲ್ಲ. ಅದು ಅವಳ ಗೋಡೆಯ ಮೇಲೂ ಇದೆ. ಇಲ್ಲಿ 'ಅಂದುಕೋ' ಅಂತ ಯಾರೂ ಕೇಳಲಿಲ್ಲ, ಇದೇ ನಿಜ ಅಂತ ಹೇಳಿದ ಹಾಗಾಯಿತು. ಅದಕ್ಕೇ ಅವಳಿಗೆ ಮೋಸ ಅನಿಸಿದ್ದು. ಇಸವಿಯ ಚೀಟಿ ಇದ್ದರೆ ಸಮುದ್ರವೂ ಕಪ್ಪೆಯ ಸಾಲಿಗೆ ಬರುತ್ತೆ. '1954ರಲ್ಲಿ ಇದ್ದೀಯ ಅಂದುಕೋ' ಅಂದರೆ ಸಾಕು.

---

ಕಿಟಕಿಪಕ್ಕ ಬರೆದದ್ದು:

ಹಳೇರಟ್ಟು ಅವರ ಚೀಟಿ ನನಗೂ ಇಷ್ಟವಾಯಿತು. ಆದರೆ ನನ್ನ ತಕರಾರು ಬೇರೆ. ಆ ಸರಣಿಯಲ್ಲಿ ಹುಡುಗಿಯರು ಎಲ್ಲಿದ್ದಾರೆ? ನೌಕೆ ನಡೆಸುವವರು, ಹೊಡೆದಾಡುವವರು, ಲೆಕ್ಕ ಹಾಕುವವರು, ಎಲ್ಲರೂ ಗಂಡಸರೇ. 11 ವರ್ಷದ ಹುಡುಗಿ ಸಮುದ್ರದ ತಪ್ಪು ಹಿಡಿದಳು. ಈ ತಪ್ಪನ್ನು ಅವಳು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿಗೆ ತಾಗಿಯೇ ಇರುತ್ತೆ. ಇಸವಿ ಬರೆದಿಟ್ಟರೆ ಅದು ಅರ್ಥವಾಗುತ್ತೆ ನಿಜ, ಆದರೆ ಪುಸ್ತಕದೊಳಗೆ ಅವಳಿಗೆ ಕೂರಲು ಜಾಗ ಸಿಗುವುದಿಲ್ಲ.

ಮಡಲಿನ್ ಲೆಂಗಲ್ ಅವರ 'ಎ ರಿಂಕಲ್ ಇನ್ ಟೈಮ್' ಕೊಟ್ಟು ನೋಡಿ. ಅದೂ ಹಳೆಯದೇ, 1962ರದ್ದು. ಮ್ಯಾರಿನರ್ 2 ಶುಕ್ರನ ಹತ್ತಿರ ಹೋದ ವರ್ಷವೇ, ಮಗಳಿಗೆ ಈ ಲೆಕ್ಕ ಇಷ್ಟವಾಗಬಹುದು! ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದಿದ್ದ ಪುಸ್ತಕ. ಮರುವರ್ಷ ಅದಕ್ಕೆ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಬಂತು. ನಾಯಕಿ ಮೆಗ್ ಕನ್ನಡಕ ಹಾಕುವ, ಸಿಟ್ಟಿನ, ಗಣಿತ ಚೆನ್ನಾಗಿ ಬರುವ ಹುಡುಗಿ. ಕಾಣೆಯಾದ ಅಪ್ಪನನ್ನು ಹುಡುಕಿ ಹೊರಡುತ್ತಾಳೆ.

ಅದರಲ್ಲಿ ದೂರದ ಪ್ರಯಾಣವನ್ನು ವಿವರಿಸುವ ಜಾಗ ಒಂದಿದೆ. ಹಿಡಿದ ಬಟ್ಟೆಯ ಮೇಲೆ ಒಂದು ಇರುವೆ ಈ ಕೈಯಿಂದ ಆ ಕೈಗೆ ನಡೆಯಬೇಕು. ಎರಡೂ ಕೈ ಹತ್ತಿರ ತಂದರೆ ಬಟ್ಟೆ ಮಡಿಚಿಕೊಳ್ಳುತ್ತೆ, ಇರುವೆ ನಡೆಯದೆಯೇ ಆಚೆ ತಲುಪಿರುತ್ತೆ. ನಾನು ಅದನ್ನು ಓದಿದ ದಿನ ಹೊದಿಕೆಯ ಎರಡು ತುದಿ ಹಿಡಿದು, ಮಧ್ಯದಲ್ಲಿ ಒಂದು ಗುಂಡಿ ಇಟ್ಟು, ಎಷ್ಟು ಸಲ ಮಡಿಚಿ ಬಿಚ್ಚಿದೆನೋ ಲೆಕ್ಕವಿಲ್ಲ. ಆಮೇಲೆ ಯಾವ ಪಾಠದಲ್ಲಿ ಆಯಾಮ ಅನ್ನುವ ಪದ ಬಂದರೂ ನನಗೆ ಆ ಹೊದಿಕೆಯೇ ನೆನಪಾಗುತ್ತಿತ್ತು.

---

ನಕ್ಷತ್ರಲೆಕ್ಕ ಬರೆದದ್ದು:

ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ತಪ್ಪು ಹಿಡಿಯುವ ಮಕ್ಕಳಿಗೆ ತಪ್ಪಿರುವ ಪುಸ್ತಕವನ್ನು ಬೇಕಂತಲೇ ಕೊಡಬೇಕು ಅನ್ನುವವನು ನಾನು.

ಜೂಲ್ಸ್ ವರ್ನ್ 1865ರಲ್ಲಿ ಬರೆದ ಚಂದ್ರಯಾನದ ಕಾದಂಬರಿಯಲ್ಲಿ ಮೂವರು ಮನುಷ್ಯರನ್ನು ಫಿರಂಗಿಯಿಂದ ಹಾರಿಸುತ್ತಾರೆ. ಫಿರಂಗಿಯ ಉದ್ದ 900 ಅಡಿ, ಅಂದರೆ ಸುಮಾರು 274 ಮೀಟರ್. ಹೊರಬರುವಾಗ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ಭೂಮಿಯ ಸೆಳೆತದಿಂದ ಬಿಡಿಸಿಕೊಳ್ಳಲು ಬೇಕಾದ ವೇಗ ಹೆಚ್ಚುಕಡಿಮೆ ಅಷ್ಟೇ, ಅಲ್ಲಿ ವರ್ನ್ ಸರಿ. ಈಗ ಎಲ್ಲವನ್ನೂ ಮೀಟರಿನಲ್ಲಿಟ್ಟು ವೇಗದ ವರ್ಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ, ಬಂದದ್ದನ್ನು ಭೂಮಿಯ ಸೆಳೆತದ 9.8ರಿಂದ ಮತ್ತೆ ಭಾಗಿಸಿ. ಬರುವ ಒತ್ತಡ ನಮ್ಮ ತೂಕದ 22 ಸಾವಿರ ಪಟ್ಟು! 40 ಕಿಲೋ ಮಗುವಿನ ಮೇಲೆ ಸುಮಾರು 900 ಟನ್ ಕೂತ ಹಾಗೆ. ಯಾರೂ ಬದುಕುವುದಿಲ್ಲ. ಪೆಟ್ಟು ತಡೆಯಲಿ ಅಂತ ವರ್ನ್ ಕಾಲಡಿಯಲ್ಲಿ ನೀರಿನ ಪದರ ಇಟ್ಟಿದ್ದಾರೆ. ಪೆಟ್ಟು ಜೋರು ಅನ್ನುವುದು ಅವರಿಗೆ ಗೊತ್ತಿತ್ತು, ಆದರೆ ಆ ನೀರು ಇಷ್ಟಕ್ಕೆಲ್ಲ ಸಾಲುವುದಿಲ್ಲ.

ಈ ಲೆಕ್ಕ ಮಾಡಿದ ಮೇಲೂ ನನ್ನ ವಿದ್ಯಾರ್ಥಿಗಳು ಪುಸ್ತಕ ಬಿಟ್ಟಿಲ್ಲ. ಹಾಗಾದರೆ ಫಿರಂಗಿ ಎಷ್ಟು ಉದ್ದ ಇದ್ದರೆ ಬದುಕುತ್ತಾರೆ ಅಂತ ಅವರೇ ಶುರು ಮಾಡುತ್ತಾರೆ. ಸಾವಿರ ಕಿಲೋಮೀಟರ್ ದಾಟಿದಾಗ ಒಬ್ಬ ಹುಡುಗಿ, "ಅಷ್ಟು ಉದ್ದ ಆದರೆ ಅದು ರಾಕೆಟ್ಟೇ ಅಲ್ವಾ, ದಾರಿಯುದ್ದಕ್ಕೂ ತಳ್ಳಬೇಕು" ಅಂದಳು. ಅವತ್ತು ನಾನು ಪಾಠ ಮಾಡಬೇಕಾಗಿಯೇ ಬರಲಿಲ್ಲ.

---

ಹಳೇರಟ್ಟು ಮತ್ತೆ ಬರೆದದ್ದು:

ಕಿಟಕಿಪಕ್ಕ ಅವರ ಮಾತು ಒಪ್ಪಿದೆ. ನಾನು ಅದನ್ನು ಮೊದಲೇ ಹೇಳಬೇಕಿತ್ತು.

ಮಂತ್ರವಾದಿ ಕಥೆಯ ವಿಷಯ ಬಿಟ್ಟೇಹೋಗಿತ್ತು. ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕೊಡಿ, 1968ರದ್ದು. ಅಲ್ಲಿ ಮಂತ್ರಕ್ಕೆ ಕಟ್ಟುನಿಟ್ಟು ಇದೆ. ಯಾವುದರ ಮೇಲೆ ಮಂತ್ರ ಹಾಕಬೇಕೋ ಅದರ ನಿಜವಾದ ಹೆಸರು ಗೊತ್ತಿರಬೇಕು. ಅದಕ್ಕೇ ಜನ ತಮ್ಮ ನಿಜ ಹೆಸರನ್ನು ತೀರಾ ನಂಬಿಕೆಯವರಿಗಷ್ಟೇ ಹೇಳುತ್ತಾರೆ. ಮಂತ್ರ ಹಾಕಿದರೆ ಜಗತ್ತಿನ ಸಮತೋಲ ಕದಲುತ್ತೆ, ಇಲ್ಲಿ ಮಳೆ ತರಿಸಿದರೆ ಇನ್ನೆಲ್ಲೋ ಬರ ಬೀಳಬಹುದು. ಗೆಡ್ ಅನ್ನುವ ಹುಡುಗ ಜಂಬಕ್ಕೆ ಬಿದ್ದು ಒಂದು ಮಂತ್ರ ಹೇಳುತ್ತಾನೆ. ಕತ್ತಲೆಯ ನೆರಳೊಂದು ಹೊರಬಂದು ಅವನ ಮುಖ ಸೀಳುತ್ತೆ. ಆ ಗಾಯದ ಗುರುತು ಯಾವ ಮಂತ್ರಕ್ಕೂ ಹೋಗುವುದಿಲ್ಲ. ಮಗಳು ಕೇಳಿದ 'ಯಾಕೆ ಹೆದರಬೇಕು' ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ನೆರಳಿನ ಭಾಗವನ್ನು ಮಾತ್ರ ರಾತ್ರಿ ಬೇಡ, ಹಗಲಿನಲ್ಲಿ ಓದಿ.

---

ಒಂದುಪುಟನಾನು ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಹೆಸರಿನ ಪುಟದ ಹಿಂಬದಿ ತೆಗೆದು ತೋರಿಸಿದೆ. 1954, ಮುನ್ನುಡಿ ಇಲ್ಲ. ಮ್ಯಾರಿನರ್ ವಿಷಯ ಹೇಳಿದೆ. ಲೇಖಕರೇ ಆಮೇಲೆ ವಿವರಣೆ ಬರೆದರು ಅಂದಾಗ ಅವಳು ಸುಮಾರು ಹೊತ್ತು ಸುಮ್ನೆ ಕೂತಳು. "ಅವರಿಗೂ ಬೇಜಾರಾಗಿತ್ತಾ?" ಅಂದಳು. ಆಗಿರಬಹುದು ಅಂದೆ.

ಆಮೇಲೆ ರಬ್ಬರ್ ತಂದಳು. ಏಳು ಕಡೆಯ 'ಸುಳ್ಳು' ಅಳಿಸಿದಳು. ಕಾಗದ ಹಳೆಯದು, ಎರಡು ಕಡೆ ಸ್ವಲ್ಪ ಹರಿಯಿತು. ಮೊದಲ ಕಡೆಯಲ್ಲಿ ಮಾತ್ರ '1962ರಲ್ಲಿ ಗೊತ್ತಾಯಿತು' ಅಂತ ಬರೆದಳು. ಉಳಿದ ಆರು ಕಡೆ ಬೇಡ, ಓದುವವರಿಗೆ ನೆನಪಿರುತ್ತೆ ಅಂದಳು.

ಮೂರನೇ ಅಧ್ಯಾಯದಿಂದ ಮತ್ತೆ ಶುರು ಮಾಡಿದ್ದೇವೆ. ಮುಗಿದ ಮೇಲೆ ಮೆಗ್‌ಳ ಕಥೆ, ಅದಾದ ಮೇಲೆ ಗೆಡ್. ಫಿರಂಗಿ ಲೆಕ್ಕ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ. ನಕ್ಷತ್ರಲೆಕ್ಕ ಅವರೇ, ವರ್ಗ ಮಾಡುವುದು ಅವಳಿಗೆ ಬರುತ್ತೆ, ಆದರೆ ಉದ್ದದ ಎರಡರಷ್ಟರಿಂದ ಯಾಕೆ ಭಾಗಿಸಬೇಕು ಅಂತ ಈಗಲೇ ಕೇಳುತ್ತಿದ್ದಾಳೆ. 11 ವರ್ಷದವಳಿಗೆ ಅರ್ಥವಾಗುವ ಹಾಗೆ ಹೇಗೆ ಹೇಳಲಿ?