ಪೆಟ್ರೋಲ್ ಇದ್ಯಾ ನೋಡೋ ಮೊದ್ಲು

ಸೆಕೆಂಡ್ ಹ್ಯಾಂಡ್ ಯೆಜ್ಡಿ ಬೈಕ್ ತಗೊಂಡೆ ಅಂತ ಹೇಳಿದ ಸಂಜೆನೇ ನಮ್ ಗ್ಯಾಂಗು ಮೇಟಗಳ್ಳಿ ಮನೆ ಮುಂದೆ ಹಾಜರು, ಮದುವೆ ಊಟಕ್ಕೆ ಕರೆದ್ರೂ ಇಷ್ಟು ಬೇಗ ಬರಲ್ಲ ಮುಂಡೇವು.

ಗುಂಡ ಗಾಡಿಗೆ ಎರಡು ಪ್ರದಕ್ಷಿಣೆ ಹಾಕಿ "ಲೋ, ಕಿಕ್ಕರ್ರೇ ಇಲ್ವಲ್ಲೋ, ಮೋಸ ಹೋಗ್ಬಿಟ್ಯಲ್ಲೋ ಮಗಾ" ಅಂದ. ಪಾಪ, ಜೀವಮಾನದಲ್ಲಿ ಸ್ಕೂಟರ್ ಬಿಟ್ಟು ಬೇರೆ ಮುಟ್ಟಿದೋನಲ್ಲ. ಎಡಗಡೆ ಗೇರ್ ಲಿವರ್‌ನೇ ಒಳಗೊತ್ತಿ ಮೇಲೆ ತಿರುಗಿಸ್ದೆ, ಅದೇ ಕಿಕ್ಕರ್ ಆಯ್ತು.

"ಓಹೋ, ಮದುವೆಗೂ ತಿಥಿಗೂ ಒಬ್ರೇ ಪುರೋಹಿತರು" ಅಂದ ಸೀನ.

ರೋಡ್‌ಕಿಂಗ್ ಕಣ್ರೀ, 250 ಸಿಸಿ, ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರು. ಯೆಜ್ಡಿ ಮಾಡ್ತಿದ್ದ ನಮ್ ಮೈಸೂರಿನ ಯಾದವಗಿರಿ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕ್ತು, ಹಾಗಾಗಿ ಎಷ್ಟೇ ಹೊಸಾದು ಅಂದ್ರೂ ಇದು ಅಜ್ಜನೇ. ಮಾರಿದ ಮೇಷ್ಟ್ರು ಫಳಫಳ ಪೇಂಟ್ ಹೊಡೆಸಿ ಗಾಡಿ ಹೆಸರು ಬದಲಾಯಿಸೋ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸೈನ್ ಹಾಕಿ ಆರ್‌ಸಿ ರಿನೀವಲ್ ಆಗಿರೋದೂ ತೋರಿಸಿದ್ರು, ನಾನು ಅಷ್ಟಕ್ಕೇ ಕರಗಿಹೋದೆ. ಕಾಗದ ಎಲ್ಲಾ ಪಕ್ಕಾ. ಗಾಡಿ ಮಾತ್ರ ಮೂರು ಕಿಲೋಮೀಟರ್ ಓಡುತ್ತೆ, ಢಬ್ ಢಬ್ ಅಂತ ಕೆಮ್ಮುತ್ತೆ, ನಿಂತೋಗುತ್ತೆ.

ಮೊದಲನೇ ಸಲ ನಿಂತಿದ್ದು ಸರಿಯಾಗಿ ಯಾದವಗಿರೀಲಿ. "ತವರುಮನೆ ಬಂತಲ್ಲ, ಮುಂದಕ್ಕೆ ಕಾಲು ಕಿತ್ತಿಡ್ತಿಲ್ಲ ಬಿಡು" ಅಂದ್ರು ಭಟ್ರು. ಆಕಾಶವಾಣಿ ಹತ್ರ ನಿಂತ್ಕೊಂಡು ಪ್ರದೇಶ ಸಮಾಚಾರ ಓದೋ ಥರ ಒಬ್ಬೊಬ್ರೂ ಒಂದೊಂದು ವರದಿ. ಗುಂಡಂದು ಮಾತ್ರ ಒಂದೇ ಡೈಲಾಗು, "ಪೆಟ್ರೋಲ್ ಇದ್ಯಾ ನೋಡೋ ಮೊದ್ಲು", ಹಾಗಂತ ಮುಚ್ಚಳ ತೆಗೆದು ಇಣುಕೋದು. "ಇದೆ ಕಣೋ ಗೂಬೆ, ಬೆಳಗ್ಗೆ ತಾನೇ ಹಾಕ್ಸಿದೀನಿ, ಮುಚ್ಚು."

ಸೀನ ಸ್ಪಾರ್ಕ್ ಪ್ಲಗ್ ಬಿಚ್ಚಿದ, ಕಾಡಿಗೆ ಡಬ್ಬಿ ಥರ ಕಪ್ಪಗಿತ್ತು. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲ್ ಜೊತೆ ಆಯಿಲ್ ಬೆರೆಸ್ಬೇಕು, ಲೀಟರ್‌ಗೆ 40 ಎಂಎಲ್ ಹಾಕಿದ್ರೆ ಧಾರಾಳ, ಮೇಷ್ಟ್ರು ಒಗ್ಗರಣೆಗೆ ಸುರಿದಂಗೆ ಸುರಿದಿದ್ರು ಅನ್ಸುತ್ತೆ. ಪ್ಲಗ್ ಒರೆಸಿ ಹಾಕಿ ಕಿಕ್ ಹೊಡೆದ್ರೆ ಫಸ್ಟ್ ಕಿಕ್ಕಿಗೇ ಸ್ಟಾರ್ಟು! ಸೀನ ಕಾಲರ್ ಎತ್ತಿ, ಎಲ್ಲರ ಕೈಲೂ ಟೀ ಕುಡಿಸ್ಕೊಂಡ.

ಮಾರನೇ ದಿನ ಅದೇ ಯಾದವಗಿರಿ, ಅದೇ ಢಬ್ ಢಬ್.

"ಪಾಯಿಂಟ್ ಸುಟ್ಟಿದೆ" ಅಂದ್ರು ಭಟ್ರು. ಅವ್ರು ಹೇಳಿದ್ದು ಸುಳ್ಳೂ ಅಲ್ಲ, ಕವರ್ ಬಿಚ್ಚಿ ನೋಡಿದ್ರೆ ಪ್ಲಗ್‌ಗೆ ಕಿಡಿ ಬರೋ ಹಾಗೆ ಮಾಡೋ ಕಾಂಟ್ಯಾಕ್ಟ್ ಪಾಯಿಂಟ್ ಗುಳಿ ಬಿದ್ದಿತ್ತು, ಎಮರಿ ಪೇಪರ್‌ನಲ್ಲಿ ಉಜ್ಜಿದ್ರು. ಗ್ಯಾಪು 0.4 ಎಂಎಂ ಇರ್ಬೇಕು, ಅದನ್ನ ಅಳೆಯೋ ಫೀಲರ್ ಗೇಜ್ ಎಲ್ಲಿಂದ ತರೋದು ರೋಡಲ್ಲಿ? ಜೇಬಿಂದ ಯಾರದ್ದೋ ಗೃಹಪ್ರವೇಶದ ಕಾರ್ಡ್ ತೆಗೆದು, ಅದನ್ನ ಪಾಯಿಂಟ್ ಮಧ್ಯೆ ತೂರಿಸಿ, ಅಲ್ಲಾಡಿಸಿದ್ರೆ ಲೈಟಾಗಿ ಹಿಡೀಬೇಕು, ಅಷ್ಟಕ್ಕೆ ಸ್ಕ್ರೂ ಟೈಟ್ ಮಾಡಿದ್ರು. ಅಷ್ಟೊತ್ತಿಗೆ ಗುಂಡ ಒಂದ್ಸಲ ಪೆಟ್ರೋಲ್ ನೋಡಿ ಬೈಸ್ಕೊಂಡಿದ್ದ. ಕಿಕ್ ಹೊಡೆದ್ರೆ ಸ್ಟಾರ್ಟು. ಭಟ್ರಿಗೆ ಮಸಾಲೆ ದೋಸೆ.

ಮೂರನೇ ದಿನ ನನ್ನ ಪಾಳಿ. ಟ್ಯಾಂಕಲ್ಲಿ ತುಕ್ಕು, ಅದೇ ಕಾರ್ಬ್ಯುರೇಟರ್ ಜೆಟ್‌ಗೆ, ಅಂದ್ರೆ ಪೆಟ್ರೋಲ್ ಹೋಗೋ ಸಣ್ಣ ತೂತಿಗೆ, ಸಿಕ್ಕಾಕೊಳ್ತಿದೆ ಅಂತ ನನ್ನ ಥಿಯರಿ. ಟ್ಯಾಂಕ್ ಇಳಿಸಿ ಒಳಗೆ ಒಂದು ಹಿಡಿ ಬೋಲ್ಟು, ಸ್ವಲ್ಪ ಡೀಸೆಲ್ ಹಾಕಿ, ಒಬ್ರಾದ್ಮೇಲೆ ಒಬ್ರು ಗಿಲಕಿ ಆಡ್ಸಿದಂಗೆ ಆಡ್ಸಿದ್ವಿ, ಬಗ್ಸಿದ್ರೆ ಥೇಟ್ ಕಾಫಿ ಡಿಕಾಕ್ಷನ್. ಸೀನ ಜೆಟ್‌ಗೆ ಸೂಜಿ ಚುಚ್ಚೋಕೆ ಬಂದ, ಕೈ ಮೇಲೆ ಒಂದು ಕೊಟ್ಟೆ, ತೂತು ದೊಡ್ಡದಾದ್ರೆ ಮೈಲೇಜ್ ಯಾರಪ್ಪ ಕೊಡ್ತಾನೆ, ಗಾಳಿ ಹೊಡೆದ್ರೆ ಸಾಕು. ಒಳಗೆ ಹಾಕಿದ್ದು 22 ಬೋಲ್ಟು, ಆಚೆ ಬಂದಿದ್ದು 21. ಆ ಉಳಿದ ಒಂದು ಇವತ್ತಿಗೂ ಬ್ರೇಕ್ ಹಿಡಿದಾಗೆಲ್ಲ ಟಣ್ ಅನ್ನುತ್ತೆ, ಹಾರ್ನ್ ಖರ್ಚು ಉಳೀತು.

ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋಗೋಣ ಅಂತ ಫುಲ್ ಟ್ಯಾಂಕ್ ಮಾಡಿಸ್ದೆ. ಒಂಟಿಕೊಪ್ಪಲೂ ಮುಟ್ಟಲಿಲ್ಲ ಕಣ್ರೀ! ಸೀನ ಪ್ಲಗ್ ಅಂತಾನೆ, ಭಟ್ರು ಕಂಡೆನ್ಸರ್ ಅಂತಾರೆ, ನಾನು ಗಾಡಿ ಮಾರ್ಬಿಡ್ತೀನಿ ಅಂತೀನಿ, ಆ ಗಲಾಟೆ ಮಧ್ಯೆ ಗುಂಡ ತನ್ನ ಪಾಡಿಗೆ ತಾನು ಪೆಟ್ರೋಲ್ ಮುಚ್ಚಳ ತಿರುಗಿಸ್ದ.

ಸುಯ್ಯ್ಯ್...

"ಲೋ, ಏನದು ಸೌಂಡು?"

"ದಿನಾ ಬರುತ್ತಲ್ಲೋ" ಅಂದ ಗುಂಡ. "ಪ್ರೆಶರ್ ಕುಕ್ಕರ್ ಥರ ಏನೋ ಸಿಸ್ಟಮ್ ಇರ್ಬೇಕು ಅನ್ಕೊಂಡೆ."

ಮುಚ್ಚಳ ಕಿತ್ಕೊಂಡು ತಲೆಕೆಳಗು ಮಾಡಿ ನೋಡ್ತೀನಿ, ಗಾಳಿ ಆಡೋ ಸಣ್ಣ ತೂತಿನ ಮೇಲೆ ಎಂ-ಸೀಲ್ ನೀಟಾಗಿ ಮೆತ್ತಿದಾರೆ, ಅದ್ರ ಮೇಲೆ ಹೆಬ್ಬೆಟ್ಟಿನ ಗುರುತು ಬೇರೆ. ಎಣ್ಣೆ ಟಿನ್ನಿಗೆ ಅಮ್ಮ ಎರಡು ತೂತು ಹೊಡೀತಾರಲ್ಲ, ಒಂದ್ರಲ್ಲಿ ಎಣ್ಣೆ ಬರೋಕೆ ಇನ್ನೊಂದ್ರಲ್ಲಿ ಗಾಳಿ ಹೋಗೋಕೆ, ಇಲ್ಲಿ ಗಾಳಿ ತೂತೇ ಬಂದ್! ಪೆಟ್ರೋಲ್ ಇಳೀತಾ ಇಳೀತಾ ಟ್ಯಾಂಕಲ್ಲಿ ವ್ಯಾಕ್ಯೂಮ್ ಆಗಿ ಕಾರ್ಬ್ಯುರೇಟರ್‌ಗೆ ಹನಿ ಇಲ್ಲ. ಫುಲ್ ಟ್ಯಾಂಕಲ್ಲಿ ಗಾಳಿಗೆ ಜಾಗನೇ ಕಮ್ಮಿ, ಅದಕ್ಕೇ ಇನ್ನೂ ಬೇಗ ನಿಂತಿದ್ದು. ಅಂದ್ರೆ ಇಷ್ಟು ದಿನ ಗಾಡಿ ಸ್ಟಾರ್ಟ್ ಮಾಡ್ತಿದ್ದೋನು ಗುಂಡ.

"ಸೀನನ ಟೀ, ಭಟ್ರ ದೋಸೆ, ಎರಡೂ ನಂಗೆ ವಾಪಸ್ ಬರ್ಬೇಕು" ಅಂದ ಗುಂಡ. ಭಟ್ರು ತಲೆ ಎತ್ತಲಿಲ್ಲ.

ಅಲ್ಲೇ ನಿಂತು ಮೇಷ್ಟ್ರಿಗೆ ಫೋನ್ ಹಚ್ದೆ. ಮೇಷ್ಟ್ರು ನಕ್ಕು "ಅಯ್ಯೋ, ಹೇಳೋದೇ ಮರ್ತೆ ಕಣಪ್ಪ. ಪೆಟ್ರೋಲ್ ತುಳುಕಿ ಪ್ಯಾಂಟ್‌ಗೆ ಆಗ್ತಿತ್ತು ಅಂತ ನಾನೇ ಮೆತ್ತಿದ್ದು. ನಾಲ್ಕು ವರ್ಷದಿಂದ ಮುಚ್ಚಳ ಅರ್ಧ ಸುತ್ತು ಲೂಸ್ ಬಿಟ್ಟೇ ಓಡಿಸ್ತಿದ್ದೆ" ಅಂದ್ರು.

"ಆಗ ಪ್ಯಾಂಟ್‌ಗೆ ಆಗ್ತಿರ್ಲಿಲ್ವಾ ಸಾರ್?"

"ಆಗ್ತಿತ್ತು, ಅದಕ್ಕೇ ಮಾರಿದ್ದು."